ಚೈನಿನ ಅಗೆಯುವ ಯಂತ್ರವು ನಡೆಯದಿದ್ದಾಗ ದೋಷವನ್ನು ಕಂಡುಹಿಡಿಯುವ ಕ್ರಮ

ಕೆರೆಗಳ ಹೂಳೆತ್ತುವುದಕ್ಕೂ, ಹೊಂಡಗಳನ್ನು ತೋಡುವುದಕ್ಕೂ, ಬೀಳುಬಿದ್ದ ಭೂಮಿಯನ್ನು ಸಾಗುವಳಿಗೆ ತರುವುದಕ್ಕೂ ಚೈನಿನ ಮೇಲೆ ನಡೆಯುವ ಅಗೆಯುವ ಯಂತ್ರಗಳು ಈಗ ಎಲ್ಲ ಗ್ರಾಮಗಳಿಗೂ ಬರುತ್ತಲಿವೆ. ಯಾವ ಕಾರ್ಖಾನೆಯಲ್ಲಿ ತಯಾರಾದುದಾದರೂ ಇದನ್ನು ಹಿಟಾಚಿಯೆಂದು ಕರೆಯುವುದೇ ಜನರಲ್ಲಿ ವಾಡಿಕೆಯಾಗಿದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆಯು ಆರಂಭವಾದಂದಿನಿಂದ ಮಳೆಯಾಶ್ರಯದ ಪ್ರದೇಶಗಳಲ್ಲಿ ಕೃಷಿ ಹೊಂಡದ ಕೆಲಸವು ಹೆಚ್ಚಿ, ಯಂತ್ರವನ್ನು ಗಂಟೆಯ ಬಾಡಿಗೆಗೆ ತರಿಸುವವರಲ್ಲದೆ, ಸಾಲದ ಮೇಲೆ ಸ್ವಂತಕ್ಕೆ ಕೊಂಡ ಹಿಡುವಳಿದಾರರೂ ಉಂಟು.

ಕೆರೆಯಂಗಳದ ಕೆಲಸಕ್ಕೆ ದೊರೆಯುವ ಕಾಲವು ಸ್ವಲ್ಪವೇ. ನೀರು ಇಂಗಿ ನೆಲವು ಗಟ್ಟಿಯಾದ ಮೇಲೆ ಆರಂಭಿಸಿ ಮುಂಗಾರಿಗೆ ಮುಂಚೆ ಮುಗಿಸಬೇಕು. ಇಂತಹ ಸಮಯದಲ್ಲಿ ಯಂತ್ರವು ನಡೆಯದೆ ನಿಂತರೆ ಆಗುವ ನಷ್ಟವು ಬಾಡಿಗೆಯದು ಮಾತ್ರವಲ್ಲ. ಸುಮಾರು 20 ಟನ್ನು ತೂಕದ ವಸ್ತುವನ್ನು ಹೂಳಿನಿಂದ ಎಳೆದು ತರುವ ಟ್ರಾಕ್ಟರು ಯಾವ ಊರಿನಲ್ಲಿಯೂ ಇಲ್ಲ. ಒಂದು ದೊಡ್ಡ ಮಳೆ ಬಿದ್ದರೆ ಅದು ಅಲ್ಲಿಯೇ ನೀರಿನಲ್ಲಿ ನಿಲ್ಲುವುದು. ಈ ಭಯದಲ್ಲಿ ಮಾಲೀಕನು, ಮೊದಲು ಬಂದ ಮೆಕಾನಿಕನು ಹೇಳಿದಂತೆ ಪಂಪನ್ನೋ ಮೋಟಾರನ್ನೋ ಬಿಚ್ಚಿಸಿ ಲಕ್ಷಗಟ್ಟಲೆ ಹಣವನ್ನು ಕಳೆಯುವುದುಂಟು. ಬದಲಾಯಿಸಿದ ಪಂಪು ಕೆಟ್ಟೇ ಇರಲಿಲ್ಲವೆಂಬುದು ಆಮೇಲೆ ತಿಳಿಯುತ್ತದೆ.

ಯಂತ್ರದ ನಡಿಗೆಯು ಹೇಗೆ ಆಗುವುದೆಂಬುದನ್ನು ಮೊದಲು ತಿಳಿಯತಕ್ಕದ್ದು. ಎಂಜಿನಿಗೂ ಚೈನಿಗೂ ನೇರವಾದ ಸಂಬಂಧವೇ ಇರುವುದಿಲ್ಲ. ಎಂಜಿನು ಎರಡು ದೊಡ್ಡ ಪಂಪುಗಳನ್ನೂ, ಪೈಲೆಟ್ ಎಂಬ ಒಂದು ಸಣ್ಣ ಪಂಪನ್ನೂ ತಿರುಗಿಸುತ್ತದೆ. ದೊಡ್ಡ ಪಂಪುಗಳ ಎಣ್ಣೆಯು ಕಂಟ್ರೋಲ್ ವಾಲ್ವಿಗೆ ಬಂದು, ಅಲ್ಲಿಂದ ಯಂತ್ರದ ನಡುವೆ ಇರುವ ಸೆಂಟರ್ ಜಾಯಿಂಟಿನ ಮೂಲಕ ಕೆಳಗಿಳಿದು, ಎಡಬಲದ ಚೈನುಗಳ ಮೋಟಾರುಗಳನ್ನು ಸೇರುವುದು. ಮೋಟಾರು ಹಲ್ಲುಚಕ್ರಗಳ ಪೆಟ್ಟಿಗೆಯನ್ನೂ, ಅದು ಸ್ಪ್ರಾಕೆಟ್ಟನ್ನೂ, ಸ್ಪ್ರಾಕೆಟ್ಟು ಚೈನನ್ನೂ ತಿರುಗಿಸುತ್ತದೆ. ಮೇಲಿನ ಮನೆಯು ಸುತ್ತಲೂ ತಿರುಗುವಾಗ ಪೈಪುಗಳು ಹೆಣೆದುಕೊಳ್ಳದಂತೆ ಮಾಡುವುದೇ ಸೆಂಟರ್ ಜಾಯಿಂಟಿನ ಉಪಯೋಗ. ಪೈಲೆಟ್ ಪಂಪಿನ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು 40 ಕಿಲೋಗ್ರಾಂ ಮಾತ್ರವಿದ್ದು, ಅದು ಆಪರೇಟರನ ಕೈಯಾಜ್ಞೆಯನ್ನು ವಾಲ್ವಿಗೆ ಮುಟ್ಟಿಸುತ್ತದೆ. 20 ಟನ್ನಿನ ಯಂತ್ರಗಳಲ್ಲಿ ದೊಡ್ಡ ಪಂಪುಗಳ ಒತ್ತಡವು ಸುಮಾರು 350 ಕಿಲೋಗ್ರಾಮಿನವರೆಗೆ ಏರಬಲ್ಲುದು.

ಪರೀಕ್ಷೆಗೆ ತೊಡಗುವ ಮುಂಚೆ ಒಂದು ವಿಷಯದಲ್ಲಿ ಎಚ್ಚರವಿರಬೇಕು. ಆಪರೇಟರನು ಎಡಚೈನು ಎಂದುದು ನಿಜವಾಗಿಯೂ ಎಡದ್ದೇ ಎಂದು ಹಾಗೆಯೇ ನಂಬಬಾರದು. ಸ್ಪ್ರಾಕೆಟ್ಟು ಅವನ ಬೆನ್ನ ಹಿಂದೆ ಇದ್ದರೆ ಮಾತ್ರ ಎಡವು ಎಡವಾಗಿಯೂ ಮುಂದು ಮುಂದಾಗಿಯೂ ಇರುತ್ತದೆ. ಮೇಲಿನ ಮನೆಯು ಹಿಂದುಮುಂದಾಗಿ ತಿರುಗಿ ನಿಂತಿದ್ದರೆ ಎರಡೂ ತಲೆಕೆಳಗಾಗುವುವು. ಇದೊಂದನ್ನು ನೋಡದೆ ಒಳ್ಳೆಯ ಮೋಟಾರನ್ನು ಬಿಚ್ಚಿ, ಕೆಟ್ಟುದನ್ನು ಹಾಗೆಯೇ ಬಿಟ್ಟ ನಿದರ್ಶನಗಳು ಇಲ್ಲದಿಲ್ಲ.

ಆಮೇಲೆ ಹೊರಗಿನದನ್ನು ನೋಡಬೇಕು. ಜೇಡಿಯು ಸ್ಪ್ರಾಕೆಟ್ಟಿನ ಸುತ್ತ ಮೆತ್ತಿ ಒಣಗಿದ್ದರೂ, ಕಲ್ಲು ಸಿಕ್ಕಿಕೊಂಡಿದ್ದರೂ, ಚೈನನ್ನು ಅತಿಯಾಗಿ ಬಿಗಿದಿದ್ದರೂ, ರೋಲರುಗಳು ತಿರುಗದೆ ನಿಂತಿದ್ದರೂ ಯಂತ್ರವು ಎಣ್ಣೆಯ ದೋಷವಿದ್ದಂತೆಯೇ ಒಂದು ಕಡೆಗೆ ವಾಲಿ ನಡೆಯುವುದು. ಎಣ್ಣೆಯ ಮಟ್ಟವನ್ನು ತಯಾರಕರು ಹೇಳಿದ ಭಂಗಿಯಲ್ಲಿಯೇ ಯಂತ್ರವನ್ನಿರಿಸಿ ನೋಡತಕ್ಕದ್ದು.

ಇದರ ಮುಂದಿನದು ರೋಗಲಕ್ಷಣವನ್ನು ವಿಚಾರಿಸುವುದು. ನಡಿಗೆಯೊಡನೆ ಬೂಮು, ಬಕೆಟ್ಟು, ಸುತ್ತುವಿಕೆ ಎಲ್ಲವೂ ಬಲಗುಂದಿದ್ದರೆ ದೋಷವು ಎಂಜಿನಿನಲ್ಲಿಯೋ, ಎಣ್ಣೆಯಲ್ಲಿಯೋ, ಪೈಲೆಟ್ ಒತ್ತಡದಲ್ಲಿಯೋ, ದೊಡ್ಡ ಪಂಪುಗಳಲ್ಲಿಯೋ ಇರುವುದೇ ಹೊರತು ಚೈನಿನ ಮೋಟಾರಿನಲ್ಲಿ ಹುಡುಕುವುದು ವ್ಯರ್ಥ. ಅಗೆಯುವ ಕೆಲಸವೆಲ್ಲ ಚೆನ್ನಾಗಿದ್ದು ಎರಡು ಚೈನುಗಳೂ ಸೋತರೆ ಸೆಂಟರ್ ಜಾಯಿಂಟಿನ ಸೀಲುಗಳನ್ನೂ, ನಡಿಗೆಯ ಪೆಡಲಿನಿಂದ ಹೊರಡುವ ಪೈಲೆಟ್ ಎಣ್ಣೆಯನ್ನೂ ಸಂಶಯಿಸಬೇಕು. ಒಂದೇ ಚೈನು ಸೋತರೆ ಯಂತ್ರವು ಆ ಚೈನಿನ ಕಡೆಗೇ ತಿರುಗಿಕೊಳ್ಳುತ್ತದೆ. ಆಗ ಅದೇ ಕಡೆಯ ಪಂಪಿನಿಂದ ನಡೆಯುವ ಇತರ ಕೆಲಸವೂ ಮಂದವಾಗಿದೆಯೇ ಎಂದು ನೋಡಬೇಕು. ಯಾವ ಪಂಪಿಗೆ ಯಾವ ಕೆಲಸವೆಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವುದರಿಂದ ಅದರ ಕೈಪಿಡಿಯನ್ನು ನೋಡಿಯೇ ತಿಳಿಯಬೇಕು. ಬಕೆಟ್ಟನ್ನಾಗಲಿ ಬೂಮನ್ನಾಗಲಿ ಒಟ್ಟಿಗೆ ಆಡಿಸಿದಾಗ ಮಾತ್ರ ನಡಿಗೆಯು ವಾಲಿದರೆ, ನೇರ ನಡೆಸುವುದಕ್ಕೆಂದೇ ಇರುವ ವಾಲ್ವು ಅಂಟಿಕೊಂಡಿರಬಹುದು.

ಆಮೆ ಮತ್ತು ಮೊಲದ ಗುರುತಿನ ಸ್ವಿಚ್ಚು ಇಲ್ಲಿ ಬಹಳ ಉಪಯುಕ್ತವಾದುದು. ಆಮೆಯ ವೇಗದಲ್ಲಿ ನೇರವಾಗಿ ನಡೆದು ಮೊಲದ ವೇಗದಲ್ಲಿ ವಾಲುವ ಯಂತ್ರದಲ್ಲಿ, ಒಂದು ಮೋಟಾರು ವೇಗವನ್ನು ಬದಲಿಸಿಕೊಳ್ಳುತ್ತಿಲ್ಲವೆಂದು ಅರ್ಥ. ಪಂಪು ಸವೆದಿದ್ದರೆ ಆಮೆಯಲ್ಲಿಯೂ ವಾಲಬೇಕಾಗಿತ್ತು. ಚೈನು ಮುಂದಕ್ಕೆ ಸರಿಯಾಗಿ ಹೋಗಿ ಹಿಂದಕ್ಕೆ ಹೋಗಲೊಲ್ಲದಿದ್ದರೆ, ಇಳಿಜಾರಿನಲ್ಲಿ ಯಂತ್ರವು ಓಡದಂತೆ ತಡೆಯಲು ಮೋಟಾರಿನಲ್ಲಿಟ್ಟಿರುವ ಬ್ರೇಕ್ ವಾಲ್ವಿನಲ್ಲಿ ಕಸವು ಸೇರಿರುವುದು ಸಾಮಾನ್ಯ. ಆ ಕಡೆಯ ಪೈಲೆಟ್ ಎಣ್ಣೆಯು ಬರದಿರುವುದೂ ಒಂದು ಕಾರಣ.

ಎರಡು ಚೈನುಗಳನ್ನು ಹೋಲಿಸಿ ನೋಡುವುದಕ್ಕೆ ಬೆಲೆಬಾಳುವ ಉಪಕರಣವೇನೂ ಬೇಡ. ಗಟ್ಟಿಯಾದ ಸಮನೆಲದಲ್ಲಿ ಮೇಲಿನ ಮನೆಯನ್ನು 90 ಡಿಗ್ರಿ ತಿರುಗಿಸಿ, ಬೂಮು ಮತ್ತು ತೋಳುಗಳ ನಡುವಿನ ಕೋನವು 90ರಿಂದ 110 ಡಿಗ್ರಿ ಇರುವಂತೆ ಬಕೆಟ್ಟಿನ ದುಂಡು ಬೆನ್ನನ್ನು ನೆಲಕ್ಕೊತ್ತಿ, ಆ ಕಡೆಯ ಚೈನನ್ನು ಮೇಲಕ್ಕೆತ್ತಿ ಚೌಕಟ್ಟಿನ ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಕೊಡಬೇಕು. ಚೈನಿನ ಒಂದು ಪಟ್ಟಿಗೆ ಸೀಮೆಸುಣ್ಣದಿಂದ ಗುರುತುಮಾಡಿ, ಎಣ್ಣೆಯು ಸುಮಾರು 50 ಡಿಗ್ರಿ ಸೆಂಟಿಗ್ರೇಡಿಗೆ ಕಾದ ಮೇಲೆ ಎಂಜಿನನ್ನು ಪೂರ್ಣ ವೇಗದಲ್ಲಿಟ್ಟು, ಮೂರು ಸುತ್ತಿಗೆ ಹಿಡಿಯುವ ಸೆಕೆಂಡುಗಳನ್ನು ಗಡಿಯಾರದಲ್ಲಿ ಎಣಿಸತಕ್ಕದ್ದು. ಎರಡು ಚೈನುಗಳಿಗೂ, ಮುಂದಕ್ಕೂ ಹಿಂದಕ್ಕೂ, ಆಮೆಯಲ್ಲಿಯೂ ಮೊಲದಲ್ಲಿಯೂ ಹೀಗೆ ಎಣಿಸಿದರೆ ಎಂಟು ಅಂಕೆಗಳು ದೊರೆಯುವುವು. ಮೆಕಾನಿಕನಿಗೆ ಹೇಳುವ ಹತ್ತು ಮಾತುಗಳಿಗಿಂತ ಈ ಎಂಟು ಅಂಕೆಗಳ ಚೀಟಿಯೇ ಹೆಚ್ಚು. ಆದರೆ ಎತ್ತಿದ ಚೈನು ಭಾರವಿಲ್ಲದೆ ತಿರುಗುವುದರಿಂದ ಸಣ್ಣ ಸೋರಿಕೆಯು ಇದರಲ್ಲಿ ಅಡಗಿಹೋಗಬಹುದು. ದಿಬ್ಬದಲ್ಲಿ ಮಾತ್ರ ಸೋಲುವ ಯಂತ್ರಕ್ಕೆ ಒತ್ತಡದ ಗೇಜನ್ನು ಕಟ್ಟಿಯೇ ನೋಡಬೇಕು.

ದೋಷದ ಸ್ಥಳವನ್ನು ನಿಶ್ಚಯಿಸುವುದಕ್ಕೆ ಹೋಸ್ ಪೈಪುಗಳ ಅದಲುಬದಲು ಒಳ್ಳೆಯ ಉಪಾಯ. ಇದನ್ನು ತಿಳಿದ ಮೆಕಾನಿಕನೇ ಮಾಡತಕ್ಕದ್ದಾದರೂ, ಅದರ ತರ್ಕವು ಮಾಲೀಕನಿಗೂ ಗೊತ್ತಿರಬೇಕು. ಸೆಂಟರ್ ಜಾಯಿಂಟಿನ ಕೆಳಗೆ ಎಡಮೋಟಾರಿನ ಎರಡು ದೊಡ್ಡ ಪೈಪುಗಳನ್ನು ಬಲಕ್ಕೂ, ಬಲದವನ್ನು ಎಡಕ್ಕೂ ಜೋಡಿಸಬೇಕು. ಆಗ ಎಡಪೆಡಲಿಗೆ ಬಲಚೈನು ನಡೆಯುವುದು. ಸೋಲುತ್ತಿದ್ದ ಚೈನೇ ಮತ್ತೆ ಸೋತರೆ ದೋಷವು ಅದರ ಮೋಟಾರಿನಲ್ಲಿ ಅಥವಾ ಹಲ್ಲುಪೆಟ್ಟಿಗೆಯಲ್ಲಿದೆ. ಸೋಲು ಇನ್ನೊಂದು ಚೈನಿಗೆ ಹೋದರೆ ಮೋಟಾರು ನಿರ್ದೋಷಿಯಾಗಿದ್ದು, ಕಾರಣವು ಜಾಯಿಂಟಿನಲ್ಲಿಯೋ ಅದರ ಮೇಲೆಯೋ ಇರುವುದು. ಹಾಗಿದ್ದರೆ ಆ ಪೈಪುಗಳನ್ನು ಮೊದಲಿನಂತೆ ಜೋಡಿಸಿ, ವಾಲ್ವಿಗೂ ಜಾಯಿಂಟಿಗೂ ನಡುವೆ ಇದೇ ಅದಲುಬದಲನ್ನು ಮಾಡಬೇಕು. ಈ ಸಲ ಸೋಲು ಚೈನನ್ನು ಬದಲಿಸಿದರೆ ವಾಲ್ವನ್ನೂ ಪಂಪನ್ನೂ, ಬದಲಿಸದಿದ್ದರೆ ಜಾಯಿಂಟನ್ನೂ ನೋಡಬೇಕು. ಜಾಯಿಂಟಿನ ಸೀಲುಗಳ ಬೆಲೆಯೆಲ್ಲಿ, ಮೋಟಾರಿನ ಬೆಲೆಯೆಲ್ಲಿ! ಬಿಚ್ಚಿದ ಬಾಯಿಗಳನ್ನೆಲ್ಲ ಶುದ್ಧವಾದ ಮುಚ್ಚಳದಿಂದ ಮುಚ್ಚದೆ ಕೆರೆಯ ಧೂಳಿನಲ್ಲಿ ಬಿಟ್ಟರೆ ಇಲ್ಲದ ರೋಗವೂ ಬಂದು ಸೇರುವುದು.

ಮೋಟಾರಿನ ಮೇಲೆ ಸಂಶಯವು ನಿಂತರೆ, ಅದರಿಂದ ಟ್ಯಾಂಕಿಗೆ ಹಿಂದಿರುಗುವ ಸಣ್ಣ ಸೋರಿಕೆ ಪೈಪಿನ ಎಣ್ಣೆಯನ್ನು ಒಂದು ನಿಮಿಷ ಅಳತೆಯ ಡಬ್ಬಿಯಲ್ಲಿ ಹಿಡಿದು ಇನ್ನೊಂದು ಮೋಟಾರಿನದಕ್ಕೆ ಹೋಲಿಸುವರು. ಈ ಪೈಪನ್ನು ಎಂದಿಗೂ ಮುಚ್ಚಕೂಡದು. ಮುಚ್ಚಿದರೆ ಒತ್ತಡವು ಹಿಂದಕ್ಕೆ ತಿರುಗಿ ಸೀಲು ಒಡೆಯುತ್ತದೆ. ಹಲ್ಲುಪೆಟ್ಟಿಗೆಯ ಎಣ್ಣೆಯು ತಾನಾಗಿಯೇ ಏರಿ ತೆಳ್ಳಗಾಗಿದ್ದರೆ ಆ ಸೀಲು ಆಗಲೇ ಒಡೆದಿದೆಯೆಂದು ತಿಳಿಯಬಹುದು. ಫಿಲ್ಟರನ್ನು ಕೊಯ್ದು ನೋಡಿದಾಗ ಹಿತ್ತಾಳೆಯ ಬಣ್ಣದ ಚೂರುಗಳಿದ್ದರೆ ಪಂಪಾಗಲಿ ಮೋಟಾರಾಗಲಿ ಒಳಗೆ ಸವೆಯುತ್ತಿದೆ. ರಬ್ಬರಿನ ಚೂರುಗಳಿದ್ದರೆ ಸೀಲುಗಳು ಹರಿದಿವೆ. ಲೋಹದ ಚೂರುಗಳು ಕಂಡಮೇಲೆ ಟ್ಯಾಂಕನ್ನೂ ಪೈಪುಗಳನ್ನೂ ತೊಳೆಯದೆ ಹೊಸ ಮೋಟಾರನ್ನು ಕೂಡಿಸುವುದು ಅದನ್ನೂ ಕೆಡಿಸಿದಂತೆ.

ಸೋರಿಕೆಯನ್ನು ಕೈಯಿಂದ ಸವರಿ ಹುಡುಕುವ ಅಭ್ಯಾಸವು ಅನೇಕ ಆಪರೇಟರುಗಳಲ್ಲಿದೆ. ಅದನ್ನು ಮಾಲೀಕರು ಖಂಡಿತವಾಗಿ ತಡೆಯಬೇಕು. ಸೂಜಿಯ ಮೊನೆಯಷ್ಟು ರಂಧ್ರದಿಂದ ಹೊರಡುವ ಎಣ್ಣೆಯು ಚರ್ಮವನ್ನು ಭೇದಿಸಿ ಮಾಂಸದೊಳಗೆ ಹೋಗಬಲ್ಲುದು. ಗಾಯವು ಚಿಕ್ಕದಾಗಿ ಕಂಡರೂ ತಡಮಾಡದೆ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಮರುದಿನಕ್ಕೆ ಬಿಟ್ಟರೆ ಬೆರಳೋ ಕೈಯೋ ಹೋಗುವ ಸಂಭವವಿದೆ. ಸೋರಿಕೆಯನ್ನು ಒಂದು ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಪೈಪನ್ನು ಬಿಚ್ಚುವ ಮುಂಚೆ ಬಕೆಟ್ಟನ್ನು ನೆಲಕ್ಕಿಳಿಸಿ, ಎಂಜಿನನ್ನು ನಿಲ್ಲಿಸಿ, ಲಿವರುಗಳನ್ನು ಎಲ್ಲ ಕಡೆಗೂ ಆಡಿಸಿ, ಟ್ಯಾಂಕಿನ ಗಾಳಿಯನ್ನು ಬಿಡತಕ್ಕದ್ದು. ಚೈನನ್ನು ಸಡಿಲಿಸುವ ಗ್ರೀಸಿನ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಮುಖವನ್ನು ಅದಕ್ಕೆ ಎದುರಾಗಿ ಹಿಡಿಯದೆ ಇರಬೇಕು.

ಯಂತ್ರವು ಹೂಳಿನಲ್ಲಿರುವಾಗ ನಡಿಗೆಯು ಮಂದವಾದರೆ ಆ ದಿನದ ಕೆಲಸವನ್ನು ಅಲ್ಲಿಗೇ ಬಿಟ್ಟು, ಒಂದು ಚೈನಾದರೂ ತಿರುಗುತ್ತಿರುವಾಗಲೇ ಬಕೆಟ್ಟನ್ನು ನೆಲಕ್ಕೂರಿ ಎಳೆದುಕೊಳ್ಳುತ್ತ ಏರಿಯ ಕಡೆಯ ಗಟ್ಟಿನೆಲಕ್ಕೆ ಅದನ್ನು ಹೊರತರಬೇಕು. ಮೇಲೆ ಹೇಳಿದ ಪರೀಕ್ಷೆಗಳನ್ನು ಅಲ್ಲಿ ನಡೆಸಬಹುದು.