ಹೋದ ಸಲ ಸಿಡಿಯಲಿಲ್ಲ ಎಂದರೆ ಕೋವಿಗೆ ಹಾಕಿದ ಮದ್ದಿನ ಅಳತೆ ಸರಿಯೇ?

ಹಂದಿ ಕಾಟವಿರುವ ಅರಕಲಗೂಡು, ಹೊಳೆನರಸೀಪುರದ ಕಡೆಯಾಗಲಿ, ಹಾಸನ, ಚನ್ನರಾಯಪಟ್ಟಣದ ಕಡೆಯಾಗಲಿ, ಬೆಳೆ ಕಾಯುವ ಕೋವಿಯ ಮಾತು ಬಂದರೆ ಎರಡು ನಂಬಿಕೆಗಳು ಜೊತೆಗೇ ಬರುತ್ತವೆ. ಮದ್ದು ಹೆಚ್ಚಾದಷ್ಟೂ ಗುಂಡು ದೂರ ಹೋಗುತ್ತದೆ ಎಂಬುದು ಒಂದು. ಒಮ್ಮೆ ಏನೂ ಆಗದಿದ್ದರೆ ಆ ಅಳತೆಗೆ ಭಯವಿಲ್ಲ ಎಂಬುದು ಇನ್ನೊಂದು. ಎರಡೂ ತಪ್ಪು. ನಮಗೆ ಹೆಚ್ಚು ಅಪಾಯಕಾರಿ ಎನಿಸುವುದು ಎರಡನೆಯದು.

ಮನೆಯ ಕುಕ್ಕರ್ ಕೂಗುವಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು 15 ಪಿಎಸ್‌ಐ ಹೆಚ್ಚಿರುತ್ತದೆ. ಸಾಮಾನ್ಯ ಹನ್ನೆರಡು ಬೋರಿನ ತೋಟಾಕ್ಕೆ ಅಮೆರಿಕದ ತಯಾರಕರು ಇಟ್ಟುಕೊಂಡಿರುವ ಮಿತಿ 11,500 ಪಿಎಸ್‌ಐ. ರೈಫಲ್ ತೋಟಾಗಳಲ್ಲಿ ಇದು 60,000ವನ್ನೂ ಮುಟ್ಟುತ್ತದೆ. ಮದ್ದು ಸ್ವಲ್ಪ ಹೆಚ್ಚಾದರೂ ಒತ್ತಡ ಅದಕ್ಕಿಂತ ಬೇಗ ಏರುತ್ತದೆ, ಗುಂಡಿನ ವೇಗ ಮಾತ್ರ ಅಷ್ಟು ಏರುವುದಿಲ್ಲ. ಕೇಪಿನ ಕೋವಿಯಲ್ಲಂತೂ ಹೆಚ್ಚುವರಿ ಕರಿಮದ್ದಿನ ಒಂದಷ್ಟು ಪಾಲು ಉರಿಯದೆಯೇ ಬಾಯಿಂದ ಹಾರಿಹೋಗುತ್ತದೆ. ಹೆಚ್ಚುವುದು ಹೊಗೆ ಮತ್ತು ಭುಜಕ್ಕೆ ಬೀಳುವ ಒದೆ. ಆ ಒದೆಯನ್ನೇ ನಾವು ಕೋವಿಯ ಶಕ್ತಿ ಎಂದುಕೊಳ್ಳುತ್ತೇವೆ.

ಹಾಗಾದರೆ ಒತ್ತಡ ಮಿತಿ ಮೀರಿದ್ದನ್ನು ತಿಳಿಯುವುದು ಹೇಗೆ? ಕೈಯಲ್ಲೇ ರೈಫಲ್ ತೋಟಾ ತುಂಬುವ ರೂಢಿಯಿರುವ ದೇಶಗಳಲ್ಲಿ ಖಾಲಿ ತೋಟಾವನ್ನು ತಿರುಗಿಸಿ ನೋಡುತ್ತಾರೆ: ಹಿಂಬದಿಯ ಪ್ರೈಮರ್ ಚಪ್ಪಟೆಯಾಗಿದೆಯೇ, ಬೋಲ್ಟ್ ತೆರೆಯಲು ಬಿಗಿಯಾಯಿತೇ ಎಂದು. ಆದರೆ ಪ್ರೈಮರ್‌ನ ಲೋಹ ಮೆತ್ತಗಿದ್ದರೆ ಸರಿಯಾದ ಒತ್ತಡಕ್ಕೂ ಚಪ್ಪಟೆಯಾಗುತ್ತದೆ, ಗಟ್ಟಿಯಿದ್ದರೆ ಮಿತಿ ಮೀರಿದರೂ ಗುರುತು ತೋರಿಸದು. ಬೋಲ್ಟ್ ಬಿಗಿಯಾಗುವ ಹೊತ್ತಿಗೆ ಮಿತಿ ದಾಟಿಯೇ ಆಗಿರುತ್ತದೆ. ನಂಬಬಹುದಾದ ಲೆಕ್ಕ ಸಿಗುವುದು ಒತ್ತಡ ಅಳೆಯುವ ಸಾಧನದಿಂದ ಮಾತ್ರ.

ಬಾಯಿಂದ ತುಂಬುವ ಕೋವಿಗೆ ತೋಟಾವೇ ಇಲ್ಲ, ಹಾಗಾಗಿ ಈ ಅರೆಬರೆ ಗುರುತೂ ಇಲ್ಲ. ಆದರೆ ನಳಿಗೆಯ ಹೊರಮೈ ಮೇಲೆ ಬೆರಳಾಡಿಸಿ ನೋಡಬಹುದು. ಉಂಗುರದಂತೆ ಉಬ್ಬು ಸಿಕ್ಕರೆ ಆ ಕೋವಿಯನ್ನು ಮತ್ತೆ ಹಾರಿಸಬೇಡಿ. ಗುಂಡು ಮದ್ದಿನ ಮೇಲೆ ಕೂರದೆ ನಡುವೆ ಜಾಗ ಉಳಿದಾಗ, ಬಾಯಲ್ಲಿ ಕೆಸರು ಸೇರಿದಾಗ ಹೀಗಾಗುತ್ತದೆ. ತೋಟಾ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಹಾಕುವುದಂತೂ ಬೇಡವೇ ಬೇಡ. ಒತ್ತಡ ಏರಿದಷ್ಟೂ ಆ ಮದ್ದು ಇನ್ನಷ್ಟು ಬೇಗ ಉರಿಯುತ್ತದೆ. ನಳಿಗೆ ಸೀಳಿದರೆ ಮೊದಲು ಹೋಗುವುದು ಅದನ್ನು ಹಿಡಿದ ಕೈ.

ಕೇಪು ಚಟ್ಟೆಂದು ಹೊಡೆದೂ ಮದ್ದು ಹತ್ತದಿದ್ದರೆ ಬಾಯಿ ಕಡೆ ಇಣುಕಬೇಡಿ, ಜನರಿಲ್ಲದ ಕಡೆಗೆ ತಿರುಗಿಸಿ ಹಿಡಿದು ಕಾಯಿರಿ.

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆಂದು ಬಾಯಿಂದ ತುಂಬುವ ಕೋವಿಗೆ ಪರವಾನಗಿ ಕೊಡುವ ಅವಕಾಶವಿದೆ. ಪರವಾನಗಿಯಿಲ್ಲದೆ ತೋಟಾ ತಯಾರಿಸುವುದನ್ನು ಅದೇ ಕಾಯ್ದೆಯ 5ನೇ ಕಲಂ ನಿಷೇಧಿಸುತ್ತದೆ. ಇನ್ನು, ಕೋವಿಯ ಪರವಾನಗಿ ಹಂದಿ ಹೊಡೆಯುವ ಪರವಾನಗಿಯಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು.