ಹೊಟ್ಟೆಯ ರೋಗಾಣುವೂ ಕ್ಯಾನ್ಸರಿನ ಅಪಾಯವೂ

ನಮ್ಮ ಮನೆಗಳಲ್ಲಿ ಹೊಟ್ಟೆಯ ಯಾವ ತೊಂದರೆಗೂ ಒಂದೇ ಹೆಸರು: ಗ್ಯಾಸ್ಟ್ರಿಕ್. ಎದೆ ಉರಿದರೆ ಗ್ಯಾಸ್ಟ್ರಿಕ್, ಹುಳಿತೇಗು ಬಂದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಮೆಡಿಕಲ್‌ನಿಂದ ಒಂದು ಶೀಟು ಮಾತ್ರೆ ತಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವುದು, ಉರಿ ಇಳಿದರೆ ಬಿಡುವುದು, ಮರಳಿ ಬಂದರೆ ಮತ್ತೊಂದು ಶೀಟು. ಹೀಗೆ ವರ್ಷಗಟ್ಟಲೆ ದಿನ ದೂಡುತ್ತಿರುವವರು ನಮ್ಮ ನಡುವೆ ಅನೇಕರಿದ್ದಾರೆ. ಆ ಮಾತ್ರೆ ಮಾಡುವ ಕೆಲಸ ಹೊಟ್ಟೆಯ ಆಮ್ಲವನ್ನು ತಗ್ಗಿಸುವುದು, ಅಷ್ಟೆ. ನೋವಿಗೆ ಕಾರಣ ಒಂದು ರೋಗಾಣುವಾಗಿದ್ದರೆ ಅದು ಮಾತ್ರೆಯಿಂದ ಸಾಯುವುದಿಲ್ಲ.

ಆ ರೋಗಾಣುವಿನ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ವೈದ್ಯರು ಚಿಕ್ಕದಾಗಿ ಎಚ್. ಪೈಲೋರಿ ಎನ್ನುತ್ತಾರೆ. ಹೊಟ್ಟೆಯ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯವೂ ಬದುಕಲಾರದು ಎಂದೇ ಬಹುಕಾಲ ನಂಬಲಾಗಿತ್ತು. 1979ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರನ್ ಎಂಬ ವೈದ್ಯರು ರೋಗಿಗಳ ಜಠರದಿಂದ ತೆಗೆದ ಚೂರುಗಳಲ್ಲಿ ಸುರುಳಿಯಾಕಾರದ ಈ ಜೀವಿಗಳನ್ನು ಕಂಡರು. ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯರು ಅವರ ಜೊತೆಗೂಡಿದರು. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಲು ಎಷ್ಟು ಯತ್ನಿಸಿದರೂ ಆಗಲಿಲ್ಲ. ಎರಡು ದಿನ ನೋಡಿ ತಟ್ಟೆಗಳನ್ನು ಎಸೆಯುವುದು ಅಲ್ಲಿಯ ವಾಡಿಕೆಯಾಗಿತ್ತು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಐದು ದಿನ ಹಾಗೆಯೇ ಉಳಿದವು. ರಜೆ ಮುಗಿಸಿ ಬಂದಾಗ ರೋಗಾಣು ಬೆಳೆದಿತ್ತು! ಆದರೂ ಜನ ನಂಬದಿದ್ದಾಗ, 1984ರಲ್ಲಿ ಮಾರ್ಷಲ್ ತಾವೇ ಆ ರೋಗಾಣುವಿನ ದ್ರವವನ್ನು ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ ಶುರುವಾಯಿತು. ಆರೋಗ್ಯವಾಗಿದ್ದ ಅವರ ಜಠರದ ಒಳಪದರ ಊದಿಕೊಂಡಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ದೊರೆಯಿತು. ಹೊಟ್ಟೆಹುಣ್ಣಿಗೆ ಚಿಂತೆ ಮತ್ತು ಖಾರವೇ ಕಾರಣವೆಂದು ಹೇಳುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು. ನಮ್ಮ ಅಡುಗೆಮನೆಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ.

ಈ ಜೀವಿ ಯೂರಿಯೇಸ್ ಎಂಬ ಕಿಣ್ವವನ್ನು ಸುರಿಸಿ, ಅಮೋನಿಯಾ ಉಂಟುಮಾಡಿ, ತನ್ನ ಸುತ್ತಲಿನ ಆಮ್ಲವನ್ನು ಮೆತ್ತಗಾಗಿಸುತ್ತದೆ. ಬಳಿಕ ಜಠರದ ಲೋಳೆಪದರದೊಳಗೆ ಸೇರಿ ದಶಕಗಳ ಕಾಲ ನೆಲೆಸುತ್ತದೆ. ಇದರಿಂದ ಕೆಲವರಲ್ಲಿ ಹುಣ್ಣಾಗುತ್ತದೆ. ಇನ್ನು ಕೆಲವರಲ್ಲಿ ನಿರಂತರ ಉರಿಯೂತದಿಂದ ಆಮ್ಲ ಸುರಿಸುವ ಗ್ರಂಥಿಗಳು ಸವೆದು ಜಠರದ ಪದರ ತೆಳುವಾಗುತ್ತದೆ. ಆ ಜಾಗದಲ್ಲಿ ಕರುಳಿನ ಜೀವಕೋಶಗಳನ್ನು ಹೋಲುವ ಕೋಶಗಳು ಬೆಳೆಯುತ್ತವೆ. ಅವುಗಳಲ್ಲಿ ಕೆಲವು ವಿಕಾರಗೊಳ್ಳುತ್ತವೆ. ಕೊನೆಯ ಹಂತವೇ ಕ್ಯಾನ್ಸರ್. ಈ ದಾರಿ ಬಹಳ ಉದ್ದವಾದುದು. ಇಪ್ಪತ್ತು, ಮೂವತ್ತು ವರ್ಷಗಳೂ ಹಿಡಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1994ರಲ್ಲೇ ಈ ರೋಗಾಣುವನ್ನು ತಂಬಾಕಿನ ಸಾಲಿನಲ್ಲಿ, ಅಂದರೆ ಖಚಿತವಾಗಿ ಕ್ಯಾನ್ಸರ್ ತರುವವುಗಳ ಪಟ್ಟಿಯಲ್ಲಿ ಸೇರಿಸಿತು.

ಇದನ್ನು ಓದಿ ಗಾಬರಿಪಡಬೇಕಾಗಿಲ್ಲ. ನಮ್ಮ ದೇಶದಲ್ಲಿ ದೊಡ್ಡವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಈ ರೋಗಾಣು ಇರಬಹುದೆಂಬ ಅಂದಾಜಿದೆ. ಆದರೆ ಸೋಂಕಿರುವ ನೂರು ಮಂದಿಯಲ್ಲಿ ಕ್ಯಾನ್ಸರಿಗೆ ತುತ್ತಾಗುವವರು ಒಬ್ಬರಿಂದ ಮೂವರು ಮಾತ್ರ. ಬೀಡಿ ಸಿಗರೇಟು, ಅತಿಯಾದ ಉಪ್ಪು, ಉಪ್ಪು ಹಾಕಿ ಒಣಗಿಸಿದ ಮೀನನ್ನು ದಿನವೂ ತಿನ್ನುವ ಅಭ್ಯಾಸ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ.

ನಿಜಕ್ಕೂ ಎಚ್ಚರ ವಹಿಸಬೇಕಾದವರು ಬೇರೆಯೇ ಇದ್ದಾರೆ: ತಂದೆ, ತಾಯಿ, ಅಣ್ಣ ತಮ್ಮ, ಅಕ್ಕ ತಂಗಿಯರಲ್ಲಿ ಯಾರಿಗಾದರೂ ಹೊಟ್ಟೆಯ ಕ್ಯಾನ್ಸರ್ ಬಂದಿರುವವರು. ದಕ್ಷಿಣ ಕೊರಿಯಾದಲ್ಲಿ ಇಂಥ ಕುಟುಂಬದವರ ಮೇಲೆಯೇ ಒಂದು ಅಧ್ಯಯನ ನಡೆದು 2020ರಲ್ಲಿ ಪ್ರಕಟವಾಯಿತು. ಸೋಂಕಿದ್ದ ಸುಮಾರು 1,700 ಮಂದಿಯಲ್ಲಿ ಅರ್ಧ ಜನರಿಗೆ ರೋಗಾಣು ನಾಶದ ಔಷಧ, ಉಳಿದರ್ಧಕ್ಕೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ಒಂಬತ್ತು ವರ್ಷಗಳಷ್ಟು ಕಾಲ ಗಮನಿಸಿದರು. ಹುಸಿ ಮಾತ್ರೆಯ ಗುಂಪಿನಲ್ಲಿ 23 ಮಂದಿಗೆ ಕ್ಯಾನ್ಸರ್ ಬಂತು, ಔಷಧ ಪಡೆದವರಲ್ಲಿ 10 ಮಂದಿಗೆ. ಅಪಾಯ ಅರ್ಧಕ್ಕಿಂತಲೂ ಕೆಳಗಿಳಿಯಿತು. ಅಬ್ಬ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡ ಮನೆಯಲ್ಲಿ "ಅಲ್ಲಾಹನ ವಿಧಿ" ಎಂದು ಸುಮ್ಮನಾಗುವ ಮೊದಲು ಮಕ್ಕಳೆಲ್ಲರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ನಾವು ಒತ್ತಿ ಹೇಳುವುದು ಈ ಕಾರಣಕ್ಕೆ.

ಪರೀಕ್ಷೆ ಕಷ್ಟದ್ದೇನಲ್ಲ. ಒಂದು ದ್ರವ ಕುಡಿದು ಚೀಲದೊಳಗೆ ಉಸಿರು ಊದುವ ಪರೀಕ್ಷೆಯಿದೆ, ಮಲಪರೀಕ್ಷೆಯಿದೆ. ಎಂಡೋಸ್ಕೋಪಿ ಮಾಡುವಾಗಲೂ ಸಣ್ಣ ಚೂರು ತೆಗೆದು ನೋಡುತ್ತಾರೆ. ಒಂದು ವಿಷಯ ನೆನಪಿರಲಿ: ಆಮ್ಲ ತಗ್ಗಿಸುವ ಮಾತ್ರೆಯನ್ನು ಎರಡು ವಾರ, ಆಂಟಿಬಯೋಟಿಕನ್ನು ನಾಲ್ಕು ವಾರ ಮೊದಲೇ ನಿಲ್ಲಿಸಿರಬೇಕು. ಇಲ್ಲದಿದ್ದರೆ ರೋಗಾಣು ಇದ್ದರೂ ಇಲ್ಲವೆಂದು ವರದಿ ಬರಬಹುದು. ವೈದ್ಯರನ್ನು ಕೇಳಿಯೇ ನಿಲ್ಲಿಸಿರಿ. ಇನ್ನು ತೂಕ ಇಳಿಯುವುದು, ಮಲ ಡಾಂಬರಿನಂತೆ ಕಪ್ಪಾಗುವುದು, ರಕ್ತವಾಂತಿ, ನುಂಗಲು ಕಷ್ಟ, ಕಾರಣವಿಲ್ಲದ ರಕ್ತಹೀನತೆ, ಐವತ್ತರ ಆಸುಪಾಸಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಹೊಟ್ಟೆನೋವು ಇವು ಇದ್ದವರು ಇಂಥ ಪರೀಕ್ಷೆಗಾಗಿ ಕಾಯದೆ ನೇರವಾಗಿ ತಜ್ಞರನ್ನು ಕಾಣಬೇಕು.

ಸೋಂಕು ದೃಢಪಟ್ಟರೆ ಸಾಮಾನ್ಯವಾಗಿ 14 ದಿನಗಳ ಚಿಕಿತ್ಸೆ. ಆಮ್ಲ ತಗ್ಗಿಸುವ ಮಾತ್ರೆಯ ಜೊತೆ ಎರಡು ಬಗೆಯ ಆಂಟಿಬಯೋಟಿಕ್, ಕೆಲವೊಮ್ಮೆ ಬಿಸ್ಮತ್. ಬಾಯಿ ಕಹಿಯಾಗುತ್ತದೆ, ಹೊಟ್ಟೆ ತೊಳಸುತ್ತದೆ, ಬಿಸ್ಮತ್‌ನಿಂದ ಮಲ ಕಪ್ಪಾಗುತ್ತದೆ. ಐದನೇ ದಿನ ನೋವು ಹೋಯಿತೆಂದು ಬಿಡುವವರೇ ಹೆಚ್ಚು. ಅರ್ಧಕ್ಕೆ ಬಿಟ್ಟರೆ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ನಮ್ಮ ದೇಶದಲ್ಲಿ ಇದು ಈಗಾಗಲೇ ದೊಡ್ಡ ತೊಡಕಾಗಿದೆ. ಪೆನಿಸಿಲಿನ್ ಆಗದವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ರಮಝಾನಿನಲ್ಲಿ ಏನು ಮಾಡಬೇಕು? ದಿನಕ್ಕೆರಡು ಹೊತ್ತಿನ ಔಷಧವಾದರೆ ಸಹರಿಗೂ ಇಫ್ತಾರ್‌ಗೂ ಹೊಂದಿಸಬಹುದು. ನಾಲ್ಕು ಹೊತ್ತಿನದಾದರೆ ಹೊಂದದು. ಅವಸರವಿಲ್ಲವೆಂದು ವೈದ್ಯರು ಹೇಳಿದರೆ ಈದ್ ಕಳೆದ ಮೇಲೆ ಆರಂಭಿಸಲಡ್ಡಿಯಿಲ್ಲ. ವರ್ಷಗಳಿಂದ ಇದ್ದ ರೋಗಾಣು, ಒಂದು ತಿಂಗಳಿನಲ್ಲಿ ಹೆಚ್ಚೇನೂ ಆಗದು. ಹುಣ್ಣಿನಿಂದ ರಕ್ತ ಸೋರುತ್ತಿರುವವರ ಮಾತು ಬೇರೆ. ಅವರು ಚಿಕಿತ್ಸೆ ಮುಂದೂಡಬಾರದು, ಉಪವಾಸವನ್ನೇ ಮುಂದೂಡಬೇಕು. ರೋಗಿಗೆ ಆ ರಿಯಾಯಿತಿ ಇದ್ದೇ ಇದೆ.

ಈ ಸೋಂಕು ಹೆಚ್ಚಾಗಿ ತಗಲುವುದು ಬಾಲ್ಯದಲ್ಲಿ, ಮನೆಯೊಳಗೇ. ಆದುದರಿಂದ ನಲವತ್ತರ ವಯಸ್ಸಿನಲ್ಲಿ ಒಂದೇ ತಾಟಿನಲ್ಲಿ ಉಣ್ಣುವುದನ್ನು ಬಿಟ್ಟು ಪ್ರಯೋಜನ ಕಡಿಮೆ. ಶೌಚದ ಬಳಿಕ ಮತ್ತು ಊಟದ ಮುಂಚೆ ಸೋಪು ಹಾಕಿ ಕೈ ತೊಳೆಯುವುದು, ಕುದಿಸಿದ ನೀರು ಕುಡಿಯುವುದು, ಅನ್ನವನ್ನು ತಾನು ಅಗಿದು ಮಗುವಿಗೆ ತಿನ್ನಿಸದಿರುವುದು ಇವುಗಳಿಂದ ಪ್ರಯೋಜನ ಹೆಚ್ಚು. ನವಜಾತ ಶಿಶುವಿಗೆ ಖರ್ಜೂರ ಸವರುವಾಗಲೂ ಬಾಯಲ್ಲಿ ಅಗಿಯುವ ಬದಲು ಶುಚಿಯಾದ ಕೈಯಿಂದ ಹಿಸುಕುವುದು ಲೇಸೆಂಬುದು ನಮ್ಮ ಅಭಿಪ್ರಾಯ.

ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರಗಳ ನಂತರ ಉಸಿರಿನ ಅಥವಾ ಮಲದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ರಕ್ತಪರೀಕ್ಷೆ ಇದಕ್ಕೆ ಸಾಲದು. ರೋಗಾಣು ಹೋದ ಮೇಲೂ ಅದು ತಿಂಗಳುಗಟ್ಟಲೆ ಇದೆಯೆಂದೇ ತೋರಿಸುತ್ತಿರುತ್ತದೆ.