ಅಲಿಯ ಉಚ್ಛ್ರಾಯ ಕಾಲ ಯಾವುದು?

ಹೆವಿವೇಟ್ ಮುಷ್ಟಿಯುದ್ಧದಲ್ಲಿ ಮೂರು ಬಾರಿ ಜಗಜ್ಜಟ್ಟಿಯೆನಿಸಿದ ಮಹಮ್ಮದ್ ಅಲಿ 2016ರಲ್ಲಿ ಕಾಲವಾದನು. ಅವನ ಕುರಿತ ಒಂದು ತಕರಾರು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅವನ ದೇಹವೂ ವಿದ್ಯೆಯೂ ಒಟ್ಟಾಗಿ ತುದಿ ಮುಟ್ಟಿದ್ದು ಯಾವ ವರ್ಷ? ಗರಡಿಮನೆಯ ಜಗಲಿಯ ಮೇಲೆ ಕುಳಿತು ಹಳೆಯ ಪೈಲವಾನರ ಬಗ್ಗೆ ಹಿರಿಯರು ಹೂಡುವ ವಾದವನ್ನು ಕೇಳಿ ಬಲ್ಲ ನಮ್ಮ ಮಕ್ಕಳಿಗೆ ಇಂಥ ತಕರಾರಿನ ರುಚಿ ತಿಳಿಯದ್ದೇನಲ್ಲ.

ಬಹುಮಂದಿ ಕೂಡಲೇ ಹೇಳುವ ವರ್ಷ 1974. ಆ ಅಕ್ಟೋಬರ್ 30ರಂದು ಆಫ್ರಿಕದ ಕಿನ್ಶಾಸಾ ನಗರದಲ್ಲಿ ಅಲಿ ಜಾರ್ಜ್ ಫೋರ್‌ಮನ್‌ನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿದನು. ಫೋರ್‌ಮನ್‌ಗೆ 25 ವರ್ಷ. ಅದುವರೆಗಿನ 40 ಪಂದ್ಯಗಳಲ್ಲಿ ಒಂದನ್ನೂ ಸೋತವನಲ್ಲ. ಅಲಿಗೆ 32. ಇಂಥ ಗೆಲುವನ್ನು ಶಿಖರವೆಂದು ಕರೆಯುವವರನ್ನು ದೂರಲಾಗದು. ಆದರೆ ಗೆದ್ದ ಬಗೆಯನ್ನು ನೋಡಬೇಕು. ಅಲಿ ಹಗ್ಗಕ್ಕೆ ಬೆನ್ನು ಕೊಟ್ಟು, ತೋಳುಗಳನ್ನು ಮುಖಕ್ಕೆ ಅಡ್ಡ ಹಿಡಿದು, ಸುತ್ತಿನ ಮೇಲೆ ಸುತ್ತು ಗುದ್ದುಗಳನ್ನು ತೋಳು ಪಕ್ಕೆಗಳ ಮೇಲೆ ತಾಳಿಕೊಂಡು, ಎದುರಾಳಿ ಬಳಲುವವರೆಗೆ ಕಾದನು. ಬುದ್ಧಿಯೂ ಎದೆಗಾರಿಕೆಯೂ ತಂದ ಗೆಲುವದು. ಹತ್ತು ವರ್ಷ ಹಿಂದಿನ ಅಲಿಗೆ ಇಂಥ ಉಪಾಯದ ಅಗತ್ಯವೇ ಇರಲಿಲ್ಲ.

ಆ ಅಲಿ ಹೇಗಿದ್ದನು? 1964ರ ಫೆಬ್ರವರಿಯಲ್ಲಿ, ಇನ್ನೂ ಕ್ಯಾಸಿಯಸ್ ಕ್ಲೇ ಎಂಬ ಹೆಸರಿದ್ದಾಗಲೇ, 22ರ ಹರೆಯದಲ್ಲಿ ಸನ್ನಿ ಲಿಸ್ಟನ್ ಎಂಬ ಭೀಕರ ಮಲ್ಲನನ್ನು ಮಣಿಸಿ ಪಟ್ಟವೇರಿದ್ದನು. ಕೈಗಳನ್ನು ಸೊಂಟದ ಮಟ್ಟಕ್ಕೆ ಇಳಿಬಿಟ್ಟು, ಕಾಲ್ಬೆರಳ ಮೇಲೆ ಕುಣಿಯುತ್ತ, ಗುದ್ದು ಬಂದಾಗ ತಲೆಯನ್ನು ತುಸುವೇ ಹಿಂದಕ್ಕೆ ವಾಲಿಸಿ ತಪ್ಪಿಸಿಕೊಳ್ಳುವುದು ಅವನ ರೀತಿ. ಮುಷ್ಟಿಯುದ್ಧದ ಶಾಸ್ತ್ರಕ್ಕೆ ಅದು ತಪ್ಪು. ಆ ತಪ್ಪನ್ನು ದಕ್ಕಿಸಿಕೊಳ್ಳುವಷ್ಟು ವೇಗ ಅವನಲ್ಲಿತ್ತು. 1966ರ ನವೆಂಬರ್ 14ರಂದು ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರನೆಯ ಸುತ್ತಿನಲ್ಲೇ ಮುಗಿಸಿದ ಪಂದ್ಯದ ಚಿತ್ರಸುರುಳಿ ಇಂದಿಗೂ ಉಳಿದಿದೆ. ಅಷ್ಟು ದೊಡ್ಡ ಶರೀರ ಅಷ್ಟು ಹಗುರಾಗಿ ಚಲಿಸಿದ್ದನ್ನು ನಾನು ಬೇರೆ ಯಾವ ಹೆವಿವೇಟ್ ಪಂದ್ಯದಲ್ಲಿಯೂ ಕಾಣೆ. ವಿಲಿಯಮ್ಸ್‌ಗೆ ಎರಡು ವರ್ಷ ಮೊದಲು ಪೊಲೀಸರ ಗುಂಡು ತಗುಲಿತ್ತು, ಅವನಲ್ಲಿ ಹಿಂದಿನ ಕಸುವು ಉಳಿದಿರಲಿಲ್ಲ ಎಂಬ ಆಕ್ಷೇಪವಿದೆ. ನ್ಯಾಯವಾದ ಆಕ್ಷೇಪವೇ. ಆದರೂ ಎದುರಾಳಿ ಕುಂದಿದ್ದ ಮಾತ್ರಕ್ಕೆ ಅಲಿಯ ಕಾಲಿಗೆ ಆ ಚುರುಕು ಬರಲಾರದಷ್ಟೆ.

ಮರುವರ್ಷ ಮಾರ್ಚ್ 22ರಂದು ನ್ಯೂಯಾರ್ಕಿನಲ್ಲಿ ಜೋರಾ ಫಾಲಿಯನ್ನು ಸೋಲಿಸಿದಾಗ ಅಲಿಗೆ 25. ಅಲ್ಲಿಗೆ ಕತೆ ನಿಂತುಹೋಯಿತು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. ಏಪ್ರಿಲ್ 28ರಂದು, ತನ್ನ ಧರ್ಮಕ್ಕೆ ಒಪ್ಪದೆಂದು ಅಲಿ ಸೈನ್ಯ ಸೇರಲು ನಿರಾಕರಿಸಿದನು. ಪಟ್ಟ ಹೋಯಿತು, ಪರವಾನಗಿ ಹೋಯಿತು. ಜೂನಿನಲ್ಲಿ ಐದು ವರ್ಷ ಸೆರೆವಾಸ, 10,000 ಡಾಲರ್ ದಂಡ ವಿಧಿಸಲಾಯಿತು. ಮೇಲ್ಮನವಿಯಿಂದಾಗಿ ಸೆರೆಮನೆ ತಪ್ಪಿತು. ಆದರೆ ಪಾಸ್‌ಪೋರ್ಟನ್ನೂ ಕಸಿದುಕೊಂಡಿದ್ದರಿಂದ ಪರದೇಶದಲ್ಲಿ ಹೋರಾಡುವಂತೆಯೂ ಇರಲಿಲ್ಲ. ಕಾಲೇಜುಗಳಲ್ಲಿ ಭಾಷಣ ಮಾಡುತ್ತ ದಿನ ದೂಡಿದನು. 1970ರ ಅಕ್ಟೋಬರ್ 26ರಂದು ಅಟ್ಲಾಂಟಾದಲ್ಲಿ ಜೆರ್ರಿ ಕ್ವಾರಿಯ ಎದುರು ಮತ್ತೆ ಕಣಕ್ಕಿಳಿಯುವ ಹೊತ್ತಿಗೆ ಮೂರೂವರೆ ವರ್ಷ ಸಂದಿತ್ತು. ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ರದ್ದುಗೊಳಿಸಿದ್ದು ಇನ್ನೂ ತಡವಾಗಿ, 1971ರ ಜೂನಿನಲ್ಲಿ.

ಇಪ್ಪತ್ತೈದರಿಂದ ಇಪ್ಪತ್ತೆಂಟು ಎಂದರೆ ಬಲ ತುಂಬಿ, ಅನುಭವ ಮಾಗಿ, ಕಾಲು ಇನ್ನೂ ಸೋಲದಿರುವ ಪ್ರಾಯ. ಅಲಿಯ ಉಚ್ಛ್ರಾಯ ಕಾಲ ಆ ಬರಿದಾದ ವರ್ಷಗಳಲ್ಲೇ ಕಳೆದುಹೋಯಿತೆಂಬುದು ನನ್ನ ಅಭಿಪ್ರಾಯ. 1967ರಲ್ಲಿ ಜನ ಕಂಡವನು ಇನ್ನೂ ಏರುತ್ತಿದ್ದನು, 1974ರಲ್ಲಿ ಕಂಡವನು ಆಗಲೇ ಇಳಿಯತೊಡಗಿದ್ದನು. ಹಾಗೆಂದು, ಆ ನಿಷೇಧವಿಲ್ಲದಿದ್ದರೆ ಎಷ್ಟು ಪಂದ್ಯ ಗೆಲ್ಲುತ್ತಿದ್ದನೆಂದು ಲೆಕ್ಕ ಹಾಕುವವರ ಜೊತೆ ನಾನು ಕೂಡಲಾರೆ. ಆಡದ ಪಂದ್ಯಕ್ಕೆ ಅಂಕವೆಲ್ಲಿಯದು?

ಮರಳಿ ಬಂದವನ ಕಾಲುಗಳು ಹಿಂದಿನಂತೆ ಹದಿನೈದು ಸುತ್ತು ಕುಣಿಯಲಿಲ್ಲ. ಹಿಂದೆ ತಪ್ಪಿಸಿಕೊಳ್ಳುತ್ತಿದ್ದ ಗುದ್ದನ್ನು ಈಗ ತಿಂದು ಅರಗಿಸಿಕೊಳ್ಳಲು ಕಲಿತನು. 1971ರಲ್ಲಿ ಜೋ ಫ್ರೇಜಿಯರ್ ಅವನನ್ನು ಕೊನೆಯ ಸುತ್ತಿನಲ್ಲಿ ನೆಲಕ್ಕೆ ಕೆಡವಿ ಗೆದ್ದನು. 1973ರಲ್ಲಿ ಕೆನ್ ನಾರ್ಟನ್ ದವಡೆ ಮುರಿದನು. 1975ರಲ್ಲಿ ಮನಿಲಾದ ಸೆಕೆಯಲ್ಲಿ ಫ್ರೇಜಿಯರ್‌ನೊಡನೆ ಹದಿನಾಲ್ಕು ಸುತ್ತು ಕಾದಾಡಿ ಗೆದ್ದನು. ಅದನ್ನು ಮಹಾಪಂದ್ಯವೆಂದು ಕೊಂಡಾಡುವವರಿಗೆ, ಆ ಗುದ್ದುಗಳನ್ನು ತಿಂದ ದೇಹ ತಮ್ಮದಲ್ಲವೆಂಬ ನೆನಪಿರಬೇಕು. ಅವನ ವೈದ್ಯ ಫರ್ಡಿ ಪಚೇಕೊ, ಇನ್ನು ಸಾಕು ಮಾಡೆಂದು ಹೇಳಿ ಹೇಳಿ ಸೋತು, 1977ರಲ್ಲಿ ಬಳಗವನ್ನೇ ತೊರೆದನು. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ರೋಗವಿರುವುದು ಪ್ರಕಟವಾಯಿತು.

ನಮ್ಮ ದಕ್ಷಿಣದವರಿಗೂ ಅವನನ್ನು ಕಾಣುವ ಭಾಗ್ಯ ಒಮ್ಮೆ ಒದಗಿತ್ತು. 1980ರಲ್ಲಿ ಅವನು ಮದರಾಸಿಗೆ ಬಂದು, ಬಾಲ್ಯದ ಗೆಳೆಯ ಜಿಮ್ಮಿ ಎಲ್ಲಿಸ್‌ನ ಎದುರು ಪ್ರದರ್ಶನ ಪಂದ್ಯ ಆಡಿದನು. ಆಗ ಅವನಿಗೆ 38, ಕಣದಿಂದ ನಿವೃತ್ತನಾಗಿದ್ದನು. ಅದೇ ವರ್ಷ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಮತ್ತೆ ಕೈಗವಸು ತೊಟ್ಟು ಲ್ಯಾರಿ ಹೋಮ್ಸ್‌ನ ಎದುರು ನಿಂತನು. ಹೋಮ್ಸ್ ಒಂದು ಕಾಲಕ್ಕೆ ಅಲಿಯದೇ ಅಭ್ಯಾಸದ ಜೊತೆಗಾರ. ಹತ್ತು ಸುತ್ತು ಮುಗಿದ ಮೇಲೆ ಅಲಿಯ ಕಡೆಯವರೇ ಪಂದ್ಯವನ್ನು ನಿಲ್ಲಿಸಿದರು.